ಗುಜರಿಗೆ ಹೊರಟಿದ್ದ ನೆಟ್‌ಬುಕ್ಕಿನಲ್ಲಿ ನಿತ್ಯದ ಕೆಲಸ: ನನ್ನ ಅನುಭವ

ಹತ್ತಿಂಚಿನ ಪರದೆ, ಇಂಟೆಲ್ ಕಂಪನಿಯ ಆಟಂ ಎನ್270 ಪ್ರೊಸೆಸರ್ ಮತ್ತು ಒಂದು ಜಿಬಿ ರ‍್ಯಾಮ್ ಇರುವ ಹಳೆಯ ನೆಟ್‌ಬುಕ್ಕಿನಲ್ಲಿ (ಅಗ್ಗದ ಪುಟ್ಟ ಲ್ಯಾಪ್‌ಟಾಪಿನಲ್ಲಿ) ದಿನವಿಡೀ ಬರವಣಿಗೆ ಮತ್ತು ಕರಡು ತಿದ್ದುವ ಕೆಲಸ ಮಾಡಬಹುದು ಎಂದು ನಾನು ಹೇಳಿದಾಗ, ಲ್ಯಾಪ್‌ಟಾಪ್‌ಗಳನ್ನು ಬಿಚ್ಚಿ ಜೋಡಿಸುವುದರಲ್ಲಿ ನನಗಿಂತ ಪಳಗಿದ ಗೆಳೆಯರೇ ಒಪ್ಪಲಿಲ್ಲ. ಪ್ರೊಸೆಸರ್ ದುರ್ಬಲ, ಅದು ಬೋರ್ಡಿಗೆ ಬೆಸೆದಿರುವುದರಿಂದ ಬದಲಿಸಲು ಬರುವುದಿಲ್ಲ, ಹಾಗಾಗಿ ಉಳಿದ ಯಾವುದಕ್ಕೆ ಹಣ ಹಾಕಿದರೂ ಅದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ ಎನ್ನುವುದು ಅವರ ವಾದವಾಗಿತ್ತು. ಈಗ ಕೆಲವು ವರ್ಷಗಳಿಂದ ನನ್ನ ಬರಹ, ಕರಡು, ಪತ್ರವ್ಯವಹಾರ, ಲೆಕ್ಕ ಎಲ್ಲವೂ ಅದೇ ಯಂತ್ರದಲ್ಲಿ ನಡೆಯುತ್ತಿವೆ. ಅಂದು ಬೇಡವೆಂದವರಲ್ಲೇ ಒಂದಿಬ್ಬರು ಮೂಲೆ ಸೇರಿದ್ದ ತಮ್ಮ ನೆಟ್‌ಬುಕ್ಕುಗಳನ್ನು ನನ್ನ ಕ್ರಮದಲ್ಲಿ ಸಿದ್ಧಪಡಿಸಿಕೊಂಡಿದ್ದಾರೆ. ಸ್ಕ್ರೂಡ್ರೈವರ್ ಹಿಡಿಯಲು, ವಿಂಡೋಸ್ ಬದಲು ಲಿನಕ್ಸ್ ಎಂಬ ಉಚಿತ ಕಾರ್ಯವ್ಯವಸ್ಥೆ ಹಾಕಲು ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹಣ ಎಲ್ಲಿ ಹೋಯಿತು, ಯಾವುದು ಕೈಕೊಟ್ಟಿತು, ಈ ಯಂತ್ರದ ನಿಜವಾದ ಬಲ ಮತ್ತು ದೌರ್ಬಲ್ಯ ಯಾವುವು ಎಂಬುದನ್ನಷ್ಟೇ ಹೇಳುತ್ತೇನೆ.

ನನ್ನದು ಯಾವ ಕಂಪನಿಯ ಯಂತ್ರ ಎನ್ನುವುದು ಇಲ್ಲಿ ಮುಖ್ಯವಲ್ಲ. 2007ರಲ್ಲಿ ಏಳಿಂಚಿನ ಪರದೆ ಮತ್ತು ನಾಲ್ಕು ಜಿಬಿ ಫ್ಲ್ಯಾಶ್ ಸಂಗ್ರಹದೊಂದಿಗೆ ಏಸಸ್ ಈ-ಪಿಸಿ 701 ಬಂದ ಮೇಲೆ, ಮರುವರ್ಷ ಆಟಂ ಎನ್270 ಹೊರಬಿದ್ದದ್ದೇ ತಡ, ಏಸರ್ ಆಸ್ಪೈರ್ ವನ್, ಎಂಎಸ್‌ಐ ವಿಂಡ್, ಸ್ಯಾಮ್‌ಸಂಗ್ ಎನ್‌ಸಿ10 ಎಂದು ಸಾಲುಗಟ್ಟಿ ಬಂದವುಗಳ ಹೊರಮೈ ಬೇರೆಯಾದರೂ ಒಳಗಿನ ಸರಕು ಬಹುಮಟ್ಟಿಗೆ ಒಂದೇ ಆಗಿತ್ತು: 1.6 ಗಿಗಾಹರ್ಟ್ಸ್‌ನ ಒಂಟಿ ಕೋರ್, 945 ಜಿಎಸ್‌ಇ ಚಿಪ್‌ಸೆಟ್ (ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸುವ ಚಿಪ್ಪುಗಳು), 1024×600 ಪರದೆ, ಒಂದು ಜಿಬಿ ರ‍್ಯಾಮ್, 160 ಜಿಬಿ ಹಾರ್ಡ್ ಡಿಸ್ಕ್. ಎಲ್ಲರೂ ಒಂದೇ ಜಿಬಿಗೆ ನಿಂತದ್ದಕ್ಕೆ ತಾಂತ್ರಿಕ ಕಾರಣವಿರಲಿಲ್ಲ ಎಂಬುದನ್ನು ಗಮನಿಸಬೇಕು. ಚಿಪ್‌ಸೆಟ್ ಎರಡು ಜಿಬಿಯನ್ನು ಆರಾಮವಾಗಿ ಒಪ್ಪುತ್ತಿತ್ತು. ಆದರೆ ವಿಂಡೋಸ್ ಎಕ್ಸ್‌ಪಿಯ ಅಗ್ಗದ ಪರವಾನಗಿ ಸಿಗಬೇಕಾದರೆ ರ‍್ಯಾಮ್ ಒಂದು ಜಿಬಿಯನ್ನೂ ಪರದೆ ಹತ್ತಿಂಚಿನ ಆಸುಪಾಸನ್ನೂ ಮೀರಕೂಡದೆಂಬ ಷರತ್ತಿತ್ತು. ಅಂದರೆ ಈ ಯಂತ್ರಗಳ ಒಂದು ದೊಡ್ಡ ಕೊರತೆಯು ಕಾರ್ಖಾನೆಯಿಂದ ಹೊರಡುವಾಗಲೇ ಬೇಕೆಂದು ಉಳಿಸಿದ್ದಾಗಿತ್ತು, ಮತ್ತು ಅದನ್ನು ನಾವು ತುಂಬಿಕೊಳ್ಳಬಹುದಾಗಿತ್ತು. ನನ್ನ ಹಟಕ್ಕೆ ಮೊದಲ ಆಧಾರ ಇದು.

ಎರಡನೆಯ ಆಧಾರ ಸಿಕ್ಕಿದ್ದು ಅಳತೆಯಿಂದ. ಹಳೆಯ ಹಾರ್ಡ್ ಡಿಸ್ಕ್ ಇದ್ದಾಗಲೇ ಒಂದು ಹಗುರವಾದ ಲಿನಕ್ಸ್ ಹಾಕಿ, ನಿತ್ಯ ಮಾಡುವ ಕೆಲಸವನ್ನೇ ಮಾಡುತ್ತ, ಟರ್ಮಿನಲ್ಲಿನಲ್ಲಿ (ಆದೇಶ ಟೈಪಿಸುವ ಕಿಟಕಿಯಲ್ಲಿ) ಪ್ರೊಸೆಸರ್ ಏನು ಮಾಡುತ್ತಿದೆ ಎಂದು ತೋರಿಸುವ ಟಾಪ್ ತಂತ್ರಾಂಶವನ್ನು ತೆರೆದಿಟ್ಟು ನೋಡಿದೆ. ಬ್ರೌಸರ್ ತೆರೆಯುವಾಗ, ಕಡತ ಉಳಿಸುವಾಗ, ಕಿಟಕಿ ಬದಲಿಸುವಾಗ ಯಂತ್ರ ತಡವರಿಸುತ್ತಿದ್ದ ಆ ಗಳಿಗೆಗಳಲ್ಲಿ ಪ್ರೊಸೆಸರ್ ಹೆಚ್ಚಿನ ಪಾಲು ಡಿಸ್ಕಿನ ಉತ್ತರಕ್ಕಾಗಿ ಕಾಯುತ್ತ ಕುಳಿತಿತ್ತು. ಡಿಸ್ಕಿನ ದೀಪ ಮಾತ್ರ ಆರದೆ ಉರಿಯುತ್ತಿತ್ತು. ಒಂದು ಜಿಬಿ ತುಂಬಿದೊಡನೆ ಯಂತ್ರವು ಹಿಡಿಸದ್ದನ್ನು ಆ ನಿಧಾನದ ಡಿಸ್ಕಿಗೇ ಸಾಗಿಸುತ್ತಿತ್ತು (ಇದೇ ಸ್ವಾಪ್), ಅಂದರೆ ಎರಡು ಕಾಯಿಲೆಗಳು ಕೂಡಿ ಮೂರನೆಯದರಂತೆ ಕಾಣುತ್ತಿದ್ದವು, ಮತ್ತು ಎಲ್ಲರೂ ಆ ಮೂರನೆಯದಕ್ಕೆ ಪ್ರೊಸೆಸರ್ ಎಂದು ಹೆಸರಿಟ್ಟಿದ್ದರು. ವಿಂಡೋಸ್ 7 ಸ್ಟಾರ್ಟರ್ ಇದ್ದ ದಿನಗಳಲ್ಲಿ ಇದು ಇನ್ನೂ ಕೆಟ್ಟದಾಗಿತ್ತು. ಆ ವ್ಯವಸ್ಥೆಯು ಏನೂ ಮಾಡದೆ ಕುಳಿತಾಗಲೂ ರ‍್ಯಾಮಿನ ಸುಮಾರು ಅರ್ಧವನ್ನು ನುಂಗಿರುತ್ತಿತ್ತು. ಅದರ ಮೇಲೆ ವೈರಸ್ ನಿರೋಧಕ ತಂತ್ರಾಂಶ, ಅದರ ಮೇಲೆ ಹಿನ್ನೆಲೆಯಲ್ಲಿ ನಡೆಯುವ ಅಪ್‌ಡೇಟ್ ಸೇವೆ ಸೇರಿದರೆ ಬರೆಯುವವನಿಗೆ ಉಳಿಯುವುದು ಏನೂ ಇರಲಿಲ್ಲ.

ಆದ್ದರಿಂದ ಹಣ ಹಾಕುವ ಕ್ರಮವನ್ನು ಹೀಗೆ ಇಟ್ಟುಕೊಂಡೆ: ಮೊದಲು ಎಸ್‌ಎಸ್‌ಡಿ (ತಿರುಗುವ ತಟ್ಟೆಯಿಲ್ಲದ ವೇಗದ ಡಿಸ್ಕ್), ಅದರಿಂದ ಗುಣ ಕಂಡರೆ ರ‍್ಯಾಮ್, ಆ ಮೇಲೆಯೇ ಬ್ಯಾಟರಿ. ಈ ಕ್ರಮವನ್ನು ಮುರಿಯಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಮೊದಲು ಬ್ಯಾಟರಿ ಕೊಂಡವರು ನಿಧಾನದ ಯಂತ್ರವನ್ನು ಐದು ಗಂಟೆ ಹೆಚ್ಚು ಸಹಿಸಿಕೊಂಡದ್ದಷ್ಟೇ ಬಂತು.

ಎಸ್‌ಎಸ್‌ಡಿಯಲ್ಲಿ ನಾನು ಆರಿಸಿದ್ದು ಮಾರಾಟಕ್ಕಿದ್ದವುಗಳಲ್ಲಿ ಅತ್ಯಂತ ಚಿಕ್ಕದನ್ನು ಮತ್ತು ಹೆಚ್ಚುಕಡಿಮೆ ಅತ್ಯಂತ ಅಗ್ಗದ್ದನ್ನು. ಇದರಲ್ಲಿ ಜಿಪುಣತನವಿಲ್ಲ. ಈ ಚಿಪ್‌ಸೆಟ್ಟಿನ ಡಿಸ್ಕ್ ಜೋಡಿಸುವ ಸಾಟಾ ಸಂಪರ್ಕವು ಮೊದಲ ತಲೆಮಾರಿನ 1.5 ಗಿಗಾಬಿಟ್ಟಿನದು, ಅಂದರೆ ಸೆಕೆಂಡಿಗೆ 150 ಎಂಬಿಗಿಂತ ಹೆಚ್ಚು ಅದರಲ್ಲಿ ಹರಿಯಲಾರದು. ನನ್ನ ಅಳತೆಯಲ್ಲಿ ಸುಮಾರು 120ರ ಹತ್ತಿರ ನಿಲ್ಲುತ್ತದೆ. ಐನೂರು ಎಂಬಿ ಓದುವ ದುಬಾರಿ ಡಿಸ್ಕಿಗೆ ಕೊಟ್ಟ ಹೆಚ್ಚುವರಿ ಹಣ ಪೂರ್ತಿ ವ್ಯರ್ಥ. ನಮಗೆ ಬೇಕಾದದ್ದು ಚಿಕ್ಕ ಚಿಕ್ಕ ತುಣುಕುಗಳನ್ನು ಅಲ್ಲಲ್ಲಿಂದ ತಕ್ಷಣ ಹೆಕ್ಕಿ ಕೊಡುವ ಗುಣ, ಅದು ಅತ್ಯಂತ ಅಗ್ಗದ ಎಸ್‌ಎಸ್‌ಡಿಯಲ್ಲೂ ಇದೆ. ಈ ಖರ್ಚು ನಾನು ನೆಟ್‌ಬುಕ್ ಕೊಂಡ ಹಣದ ಸುಮಾರು ಮೂರನೆಯ ಒಂದು ಭಾಗದಷ್ಟಾಯಿತು. ಬಟನ್ ಒತ್ತಿದಲ್ಲಿಂದ ಬರೆಯಲು ಸಿದ್ಧವಾಗುವವರೆಗೆ ಎರಡು ನಿಮಿಷದ ಆಸುಪಾಸು ಹಿಡಿಯುತ್ತಿದ್ದ ಯಂತ್ರವು ಅರ್ಧ ನಿಮಿಷದೊಳಗೆ ಬಂತು. ಗೆಳೆಯರು ಮೊದಲ ಬಾರಿಗೆ ಸುಮ್ಮನಾದದ್ದು ಆಗಲೇ.

ಬಿಚ್ಚುವ ಬಗ್ಗೆ ಒಂದೇ ಮಾತು. ಕೆಲವು ಮಾದರಿಗಳಲ್ಲಿ ತಳದ ಚಿಕ್ಕ ಮುಚ್ಚಳ ತೆಗೆದರೆ ಡಿಸ್ಕ್ ಮತ್ತು ರ‍್ಯಾಮ್ ಎರಡೂ ಕೈಗೆ ಸಿಗುತ್ತವೆ. ನನ್ನದರಲ್ಲಿ ಕೀಲಿಮಣೆಯನ್ನೇ ಎಬ್ಬಿಸಬೇಕು. ಕೀಲಿಮಣೆಯ ಮೇಲಂಚಿನಲ್ಲಿ ಮೂರು ನಾಲ್ಕು ಕೊಕ್ಕೆಗಳಿರುತ್ತವೆ. ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಅವುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ಒಳಕ್ಕೆ ಒತ್ತುತ್ತ, ಕೀಲಿಮಣೆಯನ್ನು ನಮ್ಮೆಡೆಗೆ ಬಾಗಿಸಿದರೆ ಅದರ ಅಡಿಯ ರಿಬ್ಬನ್ ಕಾಣುತ್ತದೆ. ಆ ರಿಬ್ಬನ್ನನ್ನು ಹಿಡಿದಿರುವ ಕಂದು ಬಣ್ಣದ ಪಟ್ಟಿಯು ಉಗುರಿನಷ್ಟೂ ಅಗಲವಿಲ್ಲ. ಅದನ್ನು ಎರಡೂ ತುದಿಗಳಿಂದ ಸಮನಾಗಿ ಕೂದಲೆಳೆಯಷ್ಟು ಹೊರಕ್ಕೆ ಜಾರಿಸಬೇಕು. ಒಂದೇ ತುದಿಯಿಂದ ಎಳೆದರೆ ಮುರಿಯುತ್ತದೆ, ಮುರಿದರೆ ಬಿಡಿ ಭಾಗವೆಂದು ಅದು ಎಲ್ಲೂ ಸಿಗುವುದಿಲ್ಲ. ರಬ್ಬರ್ ಪಾದಗಳ ಅಡಿಯಲ್ಲೂ ಸ್ಕ್ರೂಗಳು ಅಡಗಿರುತ್ತವೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ತೆರೆದ ಮೇಲೆ ಗಡಿಯಾರವನ್ನೂ ಮೂಲ ಸೆಟ್ಟಿಂಗುಗಳನ್ನೂ ಕಾಯುವ ಸಿಮಾಸ್ ಬ್ಯಾಟರಿಯನ್ನೂ ಬಿಸಿ ಹೊರಹಾಕುವ ಹೀಟ್‌ಸಿಂಕಿನ ಪೇಸ್ಟನ್ನೂ ಬದಲಿಸಿಬಿಡಿ, ಅವುಗಳ ಖರ್ಚು ಲೆಕ್ಕಕ್ಕೆ ಹಿಡಿಯುವಷ್ಟಿಲ್ಲ.

ರ‍್ಯಾಮ್ ವಿಷಯದಲ್ಲಿ ಇರುವ ತೊಡಕು ವಿಚಿತ್ರವಾದದ್ದು. ಬೇಕಾದದ್ದು ಎರಡು ಜಿಬಿಯ ಡಿಡಿಆರ್2 ಲ್ಯಾಪ್‌ಟಾಪ್ ಮಾಡ್ಯೂಲ್, ಅದೂ ಒಂದೇ ಪಟ್ಟಿಯಲ್ಲಿ, ಏಕೆಂದರೆ ಸ್ಲಾಟ್ ಒಂದೇ. ನಾಲ್ಕು ಜಿಬಿ ಹಾಕಿ ಗೆಲ್ಲುತ್ತೇವೆ ಎಂದವರು ಯಾರೂ ಗೆದ್ದಿಲ್ಲ, ಚಿಪ್‌ಸೆಟ್ ಎರಡರಾಚೆ ನೋಡುವುದಿಲ್ಲ. ಹಳೆಯ ತಲೆಮಾರಿನ ವಸ್ತುವಾದ್ದರಿಂದ ಹೊಸದಾಗಿ ಕೊಂಡರೆ ಒಂದು ಜಿಬಿಗೆ ಬೀಳುತ್ತಿದ್ದ ದರ ಹೊಸ ತಲೆಮಾರಿನ ರ‍್ಯಾಮಿಗಿಂತ ಹೆಚ್ಚಾಗಿಯೇ ಇತ್ತು. ನಾನು ಹೊಸದನ್ನು ಕೊಳ್ಳಲಿಲ್ಲ; ಪರದೆ ಒಡೆದು ಸತ್ತಿದ್ದ ಬೇರೊಂದು ಲ್ಯಾಪ್‌ಟಾಪಿನಿಂದ ಕಿತ್ತು ಹಾಕಿದೆ, ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿ ಸರಿಯಿದೆ ಎಂದು ಖಚಿತಪಡಿಸಿಕೊಂಡೆ. ಇದರ ಮೇಲೆ ರ‍್ಯಾಮಿನ ಒಂದು ಭಾಗವನ್ನೇ ಒತ್ತಿ ಕುಗ್ಗಿಸಿ ಸ್ವಾಪ್ ಮಾಡಿಕೊಳ್ಳುವ ಝೆಡ್‌ರ‍್ಯಾಮ್ ಸೌಲಭ್ಯವನ್ನು ಚಾಲನೆಗೆ ತಂದೆ. ಒತ್ತುವಿಕೆಗೆ ಎಲ್‌ಝೆಡ್4 ಕ್ರಮವನ್ನೇ ಆರಿಸಬೇಕು. ಇನ್ನೂ ಚೆನ್ನಾಗಿ ಒತ್ತುವ ಕ್ರಮಗಳಿವೆಯಾದರೂ ಅವು ಆಟಂನ ಬೆವರಿಳಿಸುತ್ತವೆ. ಎಷ್ಟು ಪಾಲು ಕೊಡಬೇಕು, ಸ್ವಾಪ್‌ನ ಒಲವನ್ನು (ಎಷ್ಟು ಬೇಗ ಅದಕ್ಕೆ ಸಾಗಿಸಬೇಕೆಂಬುದನ್ನು) ಯಾವ ಸಂಖ್ಯೆಯಲ್ಲಿ ಇಡಬೇಕು ಎಂಬುದು ಬಹುಕಾಲದ ತಿರುಚಾಟದಿಂದ ನನಗೆ ಸಿಕ್ಕ ಫಲ. ಅದನ್ನು ಇಲ್ಲಿ ಬರೆಯುವುದಿಲ್ಲ. ಸಾಮಾನ್ಯವಾಗಿ ಎಲ್ಲರೂ ಹೇಳುವ ಸಂಖ್ಯೆಯ ಎದುರು ದಿಕ್ಕಿನಲ್ಲಿ ಹುಡುಕಿ ಎಂದಷ್ಟೇ ಸೂಚಿಸುತ್ತೇನೆ.

ಸೋತ ಪ್ರಯತ್ನಗಳನ್ನೂ ಹೇಳಬೇಕು, ಏಕೆಂದರೆ ಇವುಗಳಿಗೆ ಹೋದ ಹಣ ಒಟ್ಟು ಸೇರಿದರೆ ಇನ್ನೊಂದು ಎಸ್‌ಎಸ್‌ಡಿಯೇ ಬರುತ್ತಿತ್ತು. ಎಸ್‌ಡಿ ಕಾರ್ಡಿನಲ್ಲಿ ಇಡೀ ವ್ಯವಸ್ಥೆಯನ್ನು ಹಾಕಿ ಓಡಿಸುವ ಯೋಚನೆ ಮೇಲ್ನೋಟಕ್ಕೆ ಆಕರ್ಷಕವಾಗಿದೆ. ಡಿಸ್ಕನ್ನು ಮುಟ್ಟುವುದೇ ಬೇಡ. ಓದುವುದು ಸಹಿಸುವಂತಿತ್ತು, ಆದರೆ ಚಿಕ್ಕ ಚಿಕ್ಕ ಬರಹಗಳು ಬಂದಾಗ ಯಂತ್ರ ಉಸಿರು ಕಟ್ಟಿ ನಿಲ್ಲುತ್ತಿತ್ತು, ಮತ್ತು ಕೆಲವೇ ತಿಂಗಳಲ್ಲಿ ಕಾರ್ಡು ಬರೆಯಲಾಗದ ಸ್ಥಿತಿಗೆ ಹೋಗಿ ಬೀಗ ಹಾಕಿಕೊಂಡಿತು. ಪೆನ್‌ಡ್ರೈವನ್ನು ಸ್ವಾಪ್‌ಗೆ ಕೊಡುವುದೂ ಇದೇ ದಾರಿ ಹಿಡಿಯಿತು. ಪ್ರೊಸೆಸರಿನ ವೇಗವನ್ನು ಹೆಚ್ಚಿಸುವ ಸಲಕರಣೆಗಳನ್ನು ಓಡಿಸಿ ನೋಡಿದೆ, 1.6 ಇದ್ದದ್ದು 1.8ರ ಹತ್ತಿರ ಹೋಯಿತು, ಬರವಣಿಗೆಯಲ್ಲಿ ಅದು ಕಣ್ಣಿಗೂ ಕಾಣಲಿಲ್ಲ, ಫ್ಯಾನಿನ ಸದ್ದು ಮಾತ್ರ ಕಿವಿಗೆ ಕೇಳಿಸಿತು.

ಬ್ಯಾಟರಿಯೇ ಹೆಚ್ಚು ಕಾಡಿದ್ದು. ಹೆಸರಿಲ್ಲದ ತಯಾರಕರ ಬದಲಿ ಬ್ಯಾಟರಿಯೊಂದನ್ನು ತರಿಸಿದೆ. ಮೇಲಿನ ಚೀಟಿಯಲ್ಲಿ 4400 ಎಂಎಎಚ್ ಎಂದಿತ್ತು, ಒಳಗಿನ ಧಾರಣಶಕ್ತಿ ಅದರ ಮೂರನೆಯ ಎರಡು ಭಾಗವೂ ಇರಲಿಲ್ಲ, ಮತ್ತು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಅದೂ ಅರ್ಧಕ್ಕಿಳಿಯಿತು. ಕೊನೆಗೆ ಮೂಲ ಬ್ಯಾಟರಿಯ ಕವಚವನ್ನೇ ಬಿಡಿಸಿ, ಒಳಗಿನ ಆರು 18650 (ಉರುಳೆಯಾಕಾರದ ಲಿಥಿಯಂ) ಕೋಶಗಳನ್ನು ಒಳ್ಳೆಯ ದರ್ಜೆಯ ಹೊಸ ಕೋಶಗಳಿಂದ ಬದಲಿಸಿದೆ. ಮೂರು ಸರಣಿ, ಎರಡು ಸಮಾಂತರ, 11.1 ವೋಲ್ಟ್, ಸುಮಾರು 48 ವಾಟ್-ಗಂಟೆ. ಕೋಶಗಳಿಗೆ ಆದ ಖರ್ಚು ಆ ಕೆಟ್ಟ ಬದಲಿ ಬ್ಯಾಟರಿಗೆ ಕೊಟ್ಟದ್ದಕ್ಕಿಂತ ಸ್ವಲ್ಪವೇ ಹೆಚ್ಚು. ಇಲ್ಲಿನ ಕಷ್ಟ ಬೆಸುಗೆಯಲ್ಲಿಲ್ಲ, ಒಳಗಿನ ನಿಯಂತ್ರಕ ಚಿಪ್ಪಿನಲ್ಲಿದೆ: ಕೋಶಗಳ ವೋಲ್ಟೇಜ್ ಒಮ್ಮೆ ಕಡಿದುಹೋದರೆ ಕೆಲವು ಚಿಪ್ಪುಗಳು ಬ್ಯಾಟರಿ ಸತ್ತಿತೆಂದು ತೀರ್ಮಾನಿಸಿ ಮತ್ತೆಂದೂ ಬಾಯಿ ಬಿಡುವುದಿಲ್ಲ. ಅದನ್ನು ಎಚ್ಚರವಾಗಿಟ್ಟುಕೊಂಡೇ ಕೋಶ ಬದಲಿಸುವ ಕ್ರಮವನ್ನು ನಾನು ಕಂಡುಕೊಂಡಿದ್ದೇನೆ, ಆದರೆ ಬರಹದಲ್ಲಿ ಕೊಡಲಾರೆ. ಲಿಥಿಯಂ ಕೋಶಗಳ ವಿಷಯದಲ್ಲಿ ಅರೆಬರೆ ಓದಿ ಕೈಹಾಕಿದರೆ ಬೆಂಕಿ ಹತ್ತುತ್ತದೆ. ಪಕ್ಕದಲ್ಲಿ ಕುಳಿತು ನೋಡಿ ಕಲಿಯುವವರಿಗೆ ಮಾತ್ರ ತೋರಿಸುತ್ತೇನೆ.

ವಿದ್ಯುತ್ ಉಳಿತಾಯವೆಂದರೆ ಪ್ರೊಸೆಸರನ್ನು ನಿಧಾನಗೊಳಿಸುವುದು ಎಂಬ ಒಂದು ತಪ್ಪು ನಂಬಿಕೆ ನಮ್ಮವರಲ್ಲಿ ಬೇರೂರಿದೆ. ಆಟಂ ಎನ್270ರ ಉಷ್ಣ ಮಿತಿ (ಪೂರ್ಣ ಕೆಲಸದಲ್ಲಿ ಹೊರಹಾಕುವ ಬಿಸಿಯ ಲೆಕ್ಕ) ಕೇವಲ 2.5 ವಾಟ್. ಅದರ ಜೊತೆಗಿರುವ 945 ಜಿಎಸ್‌ಇ ಚಿಪ್ಪಿನದು ಸುಮಾರು 6 ವಾಟ್, ಅದರಾಚೆ ಡಿಸ್ಕ್, ಯುಎಸ್‌ಬಿಗಳನ್ನು ನೋಡಿಕೊಳ್ಳುವ ಐಸಿಎಚ್7-ಎಂ ಚಿಪ್ಪಿನದು ಮತ್ತೆ 3 ವಾಟ್ ಚಿಲ್ಲರೆ. ಅಂದರೆ ಚಾಕರರು ಯಜಮಾನನಿಗಿಂತ ಮೂರು ಪಟ್ಟು ಹೆಚ್ಚು ಉಣ್ಣುತ್ತಾರೆ. ಪ್ರೊಸೆಸರಿನ ವೋಲ್ಟೇಜ್ ಇಳಿಸಿ, ವೇಗ ಇಳಿಸಿ ಉಳಿಸುತ್ತೇವೆ ಎನ್ನುವವರು ಅತಿ ಚಿಕ್ಕ ಪಾಲಿನ ಮೇಲೆ ಶ್ರಮ ಹಾಕುತ್ತಿದ್ದಾರೆ. ನಾನು ವಿದ್ಯುತ್ ಬಳಕೆ ತೋರಿಸುವ ಪವರ್‌ಟಾಪ್ ಹಾಕಿ ನೋಡಿದಾಗ ಪರದೆಯ ಬೆಳಕನ್ನು ಪೂರ್ಣದಿಂದ ಮೂರನೆಯ ಒಂದಕ್ಕೆ ಇಳಿಸಿದ್ದರಿಂದ ಹೆಚ್ಚುಕಡಿಮೆ ಎರಡು ವಾಟ್ ಉಳಿಯಿತು, ವೈಫೈ ನಿಲ್ಲಿಸಿದಾಗ ಇನ್ನೊಂದರ ಹತ್ತಿರ. ಪ್ರೊಸೆಸರ್ ವೇಗ ಕಟ್ಟಿಹಾಕಿದ್ದರಿಂದ ಉಳಿದದ್ದು ಅಳತೆಯ ಏರಿಳಿತದಲ್ಲೇ ಕರಗಿಹೋಯಿತು. ಬರೆಯುವಾಗ ಒಟ್ಟು ಎಂಟೊಂಬತ್ತು ವಾಟಿನಲ್ಲಿ ಯಂತ್ರ ನಡೆಯುತ್ತದೆ, ಐದು ಗಂಟೆಗೂ ಮೇಲೆ ಚಾರ್ಜರ್ ಬೇಡ.

ಈಗ ಹಣದಿಂದ ತುಂಬಲಾಗದ ದೌರ್ಬಲ್ಯಗಳಿಗೆ ಬರುತ್ತೇನೆ. ಮೊದಲನೆಯದು ಪರದೆಯ ಎತ್ತರ. ಅಗಲದ 1024 ಚುಕ್ಕೆಗಳು ಬರೆಯುವವನಿಗೆ ಸಾಕು. ಎತ್ತರದ 600 ಸಾಲದು, ಮತ್ತು ಕನ್ನಡದಲ್ಲಿ ಬರೆಯುವವನಿಗೆ ಇದು ಇಂಗ್ಲಿಷಿನವನಿಗಿಂತ ಹೆಚ್ಚು ತಟ್ಟುತ್ತದೆ. ನಮ್ಮ ಸಾಲಿಗೆ ಮೇಲೆ ಗುಡಿಸು, ತಲಕಟ್ಟುಗಳ ಜಾಗ ಬೇಕು, ಕೆಳಗೆ ಒತ್ತಕ್ಷರದ ಜಾಗ ಬೇಕು. ರಾಷ್ಟ್ರ, ಸ್ವಾತಂತ್ರ್ಯ ಎಂಬಂಥ ಪದಗಳಲ್ಲಿ ಒತ್ತಿನ ಮೇಲೆ ಒತ್ತು ಬಿದ್ದು ಸಾಲು ಇನ್ನಷ್ಟು ಕೆಳಗಿಳಿಯುತ್ತದೆ, ಸಾಲಂತರ ಬಿಗಿ ಮಾಡಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ದೀರ್ಘಕ್ಕೆ ತಗಲಿ ಕಣ್ಣು ಎಡವುತ್ತದೆ. ಮೇಲಿನ ಪಟ್ಟಿ, ಮೆನು, ಸಲಕರಣೆ ಪಟ್ಟಿ, ಕೆಳಗಿನ ಕಾರ್ಯಪಟ್ಟಿ ಇವೆಲ್ಲ ಕಳೆದ ಮೇಲೆ ಓದಲು ಹಿತವಾದ ಅಕ್ಷರದಲ್ಲಿ ನನಗೆ ಉಳಿಯುತ್ತಿದ್ದುದು ಹನ್ನೆರಡು ಹದಿಮೂರು ಸಾಲು. ಕರಡು ತಿದ್ದುವವನಿಗೆ ಹಿಂದಿನ ಪರಿಚ್ಛೇದವೂ ಕಾಣಬೇಕು. ಕಾರ್ಯಪಟ್ಟಿಯನ್ನು ಎಡಬದಿಗೆ ನಿಲ್ಲಿಸಿದೆ, ಕಿಟಕಿಗಳ ತಲೆಪಟ್ಟಿಯನ್ನೇ ತೆಗೆದುಹಾಕಿದೆ, ಒತ್ತಕ್ಷರಗಳು ಚಿಕ್ಕದಾಗಿ ಕೂರುವ ಫಾಂಟನ್ನು ಹುಡುಕಿಕೊಂಡೆ. ಈಗ ಇಪ್ಪತ್ತರ ಹತ್ತಿರ ಸಾಲುಗಳು ಕಾಣುತ್ತವೆ. ಪರದೆಯ ಅಳತೆ ಬದಲಿಸುವ ಎಕ್ಸ್‌ರಾಂಡರ್ ಬಳಸಿ 768 ಚುಕ್ಕೆಗಳನ್ನು 600ರಲ್ಲಿ ಕುಗ್ಗಿಸಿ ತೋರಿಸುವುದನ್ನೂ ಮಾಡಿದೆ. ಚೌಕಟ್ಟು ಪರದೆಯಾಚೆ ಹೋಗಿ ‘ಸರಿ’ ಬಟನ್ ಕಾಣದಾದಾಗ ಅದು ಒದಗುತ್ತದೆ. ಆದರೆ ಅಕ್ಷರಗಳ ಅಂಚು ಮಸುಕಾಗುವುದರಿಂದ ಅರ್ಕಾವತ್ತು ಯಾವುದು, ವಿಸರ್ಗ ಯಾವುದು ಎಂದು ಕಣ್ಣು ಕಿರಿದು ಮಾಡಿ ನೋಡಬೇಕಾಗುತ್ತದೆ. ಆಲ್ಟ್ ಒತ್ತಿ ಕಿಟಕಿಯನ್ನು ಮೇಲಕ್ಕೆಳೆಯುವ ಹಳೆಯ ವಿಧಾನವೇ ಮೇಲು.

ಬರವಣಿಗೆಯ ವೇಗದ ಬಗ್ಗೆ ನಾನು ಕಂಡುಕೊಂಡ ಒಂದು ಸಂಗತಿಯನ್ನು ಬಚ್ಚಿಡದೆ ಹೇಳುತ್ತೇನೆ, ಏಕೆಂದರೆ ಇದೇ ನನ್ನ ಕೆಲಸವನ್ನು ದಡ ಸೇರಿಸಿದ್ದು. ಎಸ್‌ಎಸ್‌ಡಿ ಮತ್ತು ರ‍್ಯಾಮ್ ಬಂದ ಮೇಲೂ ಉದ್ದನೆಯ ಪರಿಚ್ಛೇದದ ನಡುವೆ ಟೈಪಿಸುವಾಗ ಅಕ್ಷರವು ಬೆರಳಿಗಿಂತ ಹಿಂದೆ ಬೀಳುತ್ತಿತ್ತು. ಕನ್ನಡದ ಕಾಗುಣಿತ ಮತ್ತು ಒತ್ತುಗಳನ್ನು ಪರದೆಯಲ್ಲಿ ಕಟ್ಟುವ ತಂತ್ರಾಂಶವು ಒಂದು ಅಕ್ಷರ ಸೇರಿದಾಗಲೆಲ್ಲ ಆ ಇಡೀ ಪರಿಚ್ಛೇದವನ್ನು ಹೊಸದಾಗಿ ಕಟ್ಟುತ್ತದೆ. ಸಾವಿರ ಪದಗಳ ಪರಿಚ್ಛೇದವಾದರೆ ಪ್ರತಿ ಕೀಲಿಗೂ ಸಾವಿರ ಪದಗಳ ಕೆಲಸ. ಇಡೀ ಅನುಭವದಲ್ಲಿ ಪ್ರೊಸೆಸರ್ ನಿಜವಾಗಿ ಅಡ್ಡಬಂದದ್ದು ಇಲ್ಲೊಂದೇ ಕಡೆ. ಅದಕ್ಕೆ ಪರಿಹಾರವಾಗಿ, ಬರೆಯುವಾಗ ಒಂದೊಂದು ವಾಕ್ಯವನ್ನೂ ಪ್ರತ್ಯೇಕ ಸಾಲಿನಲ್ಲಿ ಇಟ್ಟು, ಪರಿಚ್ಛೇದ ಮುಗಿದಲ್ಲಿ ಮಾತ್ರ ಖಾಲಿ ಸಾಲು ಬಿಡುತ್ತೇನೆ. ಕೆಲಸ ಮುಗಿದ ಮೇಲೆ ಚಿಕ್ಕದೊಂದು ಸ್ಕ್ರಿಪ್ಟ್ (ಆದೇಶಗಳ ಪಟ್ಟಿ) ಅವುಗಳನ್ನು ಕೂಡಿಸುತ್ತದೆ. ಮುನ್ನೂರು ಪುಟದ ಪುಸ್ತಕದ ಪಠ್ಯ ಯೂನಿಕೋಡಿನಲ್ಲಿ ಒಂದೂವರೆ ಎರಡು ಎಂಬಿ ಆಗುತ್ತದೆ, ಅಷ್ಟನ್ನೂ ಒಂದೇ ಕಡತದಲ್ಲಿ ತೆರೆದಿಟ್ಟರೂ ಈಗ ಬೆರಳು ಮತ್ತು ಅಕ್ಷರ ಜೊತೆಜೊತೆಗೇ ನಡೆಯುತ್ತವೆ. ಕರಡು ತಿದ್ದುವಾಗ ವಾಕ್ಯಗಳು ಬಿಡಿಬಿಡಿಯಾಗಿ ಕಾಣುವುದರಿಂದ ತಪ್ಪುಗಳೂ ಬೇಗ ಸಿಕ್ಕಿಬೀಳುತ್ತವೆ ಎಂಬುದು ಮೇಲಿನ ಲಾಭ.

ಉಚಿತ ಕಚೇರಿ ತಂತ್ರಾಂಶವಾದ ಲಿಬ್ರೆ ಆಫೀಸನ್ನು ಅಂತಿಮ ವಿನ್ಯಾಸಕ್ಕೆ ಮಾತ್ರ ತೆರೆಯುತ್ತೇನೆ. ಚಿತ್ರಾತ್ಮಕ ಪರಿಸರವನ್ನೇ ಬಿಟ್ಟು ಬರಿಯ ಕನ್ಸೋಲಿನಲ್ಲಿ, ಅಂದರೆ ಪಠ್ಯ ಮಾತ್ರ ತೋರುವ ಪರದೆಯಲ್ಲಿ, ಬರೆಯುವ ಪ್ರಯೋಗವನ್ನೂ ಮಾಡಿ ನೋಡಿದೆ. ಇಂಗ್ಲಿಷಿಗೆ ಅದು ಹೇಳಿ ಮಾಡಿಸಿದಂತಿದೆ, ಕನ್ನಡಕ್ಕೆ ನಡೆಯುವುದಿಲ್ಲ: ಲಿನಕ್ಸ್ ಕನ್ಸೋಲಿನ ಫಾಂಟಿನಲ್ಲಿ ಹೆಚ್ಚೆಂದರೆ 512 ಅಕ್ಷರರೂಪಗಳಿಗಷ್ಟೇ ಜಾಗ, ಒತ್ತು ಕೊಂಬುಗಳನ್ನು ಕೂಡಿಸುವ ವಿದ್ಯೆಯಂತೂ ಅದಕ್ಕಿಲ್ಲ. ಕಿಟಕಿಯೊಳಗಿನ ಟರ್ಮಿನಲ್‌ಗಳೂ ಪ್ರತಿ ಅಕ್ಷರವನ್ನು ಸಮ ಅಳತೆಯ ಮನೆಯಲ್ಲಿ ಕೂರಿಸಲು ಹೊರಟು ಕನ್ನಡವನ್ನು ಕೆಡಿಸುತ್ತವೆ.

ಎರಡನೆಯ ದೌರ್ಬಲ್ಯ ಬ್ರೌಸರ್, ಇದು ಮೊದಲನೆಯದಕ್ಕಿಂತ ದೊಡ್ಡದು. ಇಂದಿನ ಜಾಲತಾಣಗಳು ಪಠ್ಯಕ್ಕಿಂತ ಹಲವು ಪಟ್ಟು ಸ್ಕ್ರಿಪ್ಟುಗಳನ್ನು ಹೊತ್ತು ಬರುತ್ತವೆ, ಒಂಟಿ ಕೋರಿನ, ಸೂಚನೆಗಳನ್ನು ಬಂದ ಕ್ರಮದಲ್ಲೇ ನಡೆಸುವ ಈ ಪ್ರೊಸೆಸರಿಗೆ ಅದು ಹೊರೆಯೇ. ಜಾಹೀರಾತು ತಡೆ ಹಾಕಿ, ಸ್ಕ್ರಿಪ್ಟುಗಳನ್ನು ನಿಲ್ಲಿಸಿ, ಬೇಕಾದ ತಾಣಕ್ಕೆ ಮಾತ್ರ ಅನುಮತಿ ಕೊಟ್ಟರೆ ನಿಘಂಟು, ವಿಕಿಪೀಡಿಯ, ಅಂಚೆ ಇವು ಮೂರು ಟ್ಯಾಬುಗಳಲ್ಲಿ ತಾಳ್ಮೆಗೆಡದಂತೆ ನಡೆಯುತ್ತವೆ. ಅಂಚೆಯನ್ನು ಬ್ರೌಸರಿನಿಂದ ಹೊರತಂದು ಪ್ರತ್ಯೇಕ ತಂತ್ರಾಂಶದಲ್ಲಿ ನೋಡಿದರೆ ಇನ್ನೂ ಹಗುರ. ಆದರೆ ಜಾಲದೊಳಗೇ ದಾಖಲೆ ತಿದ್ದುವ ಸೇವೆಗಳು, ವಿಡಿಯೊ ಸಭೆಗಳು ಇದರಲ್ಲಿ ಆಗುವುದಿಲ್ಲ, ಯಾವ ಖರ್ಚಿನಿಂದಲೂ ಆಗುವುದಿಲ್ಲ. ಅಂಥ ಕೆಲಸ ನಿತ್ಯ ಇರುವವರು ಈ ದಾರಿ ಹಿಡಿಯಬಾರದು ಎಂದು ಸ್ಪಷ್ಟವಾಗಿ ಹೇಳುತ್ತೇನೆ.

ವಿಡಿಯೊ ವಿಷಯದಲ್ಲಿ ಸ್ವಲ್ಪ ಆಟವಾಡಿದ್ದೇನೆ. ಈ ಯಂತ್ರದ ಜಿಎಂಎ 950 ಗ್ರಾಫಿಕ್ಸಿಗೆ ಎಚ್.264 ಎಂಬ ಒತ್ತಿ ಕುಗ್ಗಿಸಿದ ವಿಡಿಯೊ ರೂಪವನ್ನು ಬಿಡಿಸುವ ಯಂತ್ರಾಂಶ ಬಲವಿಲ್ಲ, ಹಾಗಾಗಿ ಎಲ್ಲವೂ ಪ್ರೊಸೆಸರಿನ ತಲೆಗೇ. ಬ್ರೌಸರಿನಲ್ಲಿ ತೊದಲುವ ವಿಡಿಯೊವನ್ನು 360 ಸಾಲಿನ ಎಚ್.264 ರೂಪದಲ್ಲಿ ಇಳಿಸಿಕೊಂಡು ಎಂಪಿವಿ ಎಂಬ ವಿಡಿಯೊ ತಂತ್ರಾಂಶದಲ್ಲಿ ಹಾಕಿದರೆ ನೀರು ಹರಿದಂತೆ ಸಾಗುತ್ತದೆ. ಅದೇ ವಿಡಿಯೊ ವಿಪಿ9 ಎಂಬ ಇನ್ನೊಂದು ರೂಪದಲ್ಲಿದ್ದರೆ ಮತ್ತೆ ತೊದಲುತ್ತದೆ. ಆ ಕಾಲದಲ್ಲಿ ನೆಟ್‌ಬುಕ್ಕುಗಳಿಗೆಂದೇ ಕ್ರಿಸ್ಟಲ್ ಎಚ್‌ಡಿ ಎಂಬ ವಿಡಿಯೊ ಬಿಡಿಸುವ ಪುಟ್ಟ ಮಿನಿ ಪಿಸಿಐ-ಇ ಕಾರ್ಡ್ ಬರುತ್ತಿತ್ತು. ಬಳಸಿದ ಕಾರ್ಡೊಂದನ್ನು ತರಿಸಿ, ವೈಫೈ ಕಾರ್ಡನ್ನು ಅದರ ಜಾಗದಿಂದ ಎಬ್ಬಿಸಿ, ಇದನ್ನು ಕೂರಿಸಿ ನೋಡಿದೆ. ಅದರ ಚಾಲಕ ತಂತ್ರಾಂಶ ಈಗಿನ ಲಿನಕ್ಸ್ ಕರ್ನೆಲ್ಲಿನಲ್ಲಿ (ವ್ಯವಸ್ಥೆಯ ತಿರುಳಿನಲ್ಲಿ) ಇಲ್ಲದ ಕಾರಣ ಹಳೆಯ ಆವೃತ್ತಿಯೊಂದನ್ನು ಬೇರೆಯಾಗಿ ಹಾಕಬೇಕಾಯಿತು. 1080ರ ಚಲನಚಿತ್ರ ಈ ಪುಟ್ಟ ಯಂತ್ರದಲ್ಲಿ ತಡೆಯಿಲ್ಲದೆ ಓಡಿದ್ದನ್ನು ನೋಡಿ ಬಹಳ ಖುಷಿಯಾಯಿತು, ಆದರೆ ಪರದೆಯಲ್ಲಿ ಇರುವುದೇ 600 ಸಾಲು, ಮತ್ತು ವೈಫೈಗೆ ಯುಎಸ್‌ಬಿ ತುಂಡೊಂದನ್ನು ಹೊರಗೆ ನೇತುಹಾಕಬೇಕು. ಕಾರ್ಡನ್ನು ತೆಗೆದು ಡಬ್ಬಿಯಲ್ಲಿಟ್ಟಿದ್ದೇನೆ.

ಗೂಢಲಿಪೀಕರಣದ ಪ್ರಯೋಗ ಇದಕ್ಕಿಂತ ಉಪಯುಕ್ತವಾಯಿತು. ಬೇರೆಯವರ ಹಸ್ತಪ್ರತಿಗಳು ಯಂತ್ರದಲ್ಲಿರುವುದರಿಂದ ಡಿಸ್ಕಿಗೆ ಬೀಗ ಬೇಕಿತ್ತು. ಈ ಪ್ರೊಸೆಸರಿನಲ್ಲಿ ಎಇಎಸ್ ಎಂಬ ಪ್ರಚಲಿತ ಗೂಢಲಿಪಿ ಕ್ರಮವನ್ನು ಬೇಗ ನಡೆಸುವ ಸೂಚನೆಗಳಿಲ್ಲ. ಇಡೀ ಡಿಸ್ಕಿಗೆ ಎಇಎಸ್ ಹಾಕಿದರೆ 120 ಎಂಬಿಯ ವೇಗ ಇಪ್ಪತ್ತೈದರ ಆಸುಪಾಸಿಗೆ ಇಳಿದು, ಎಸ್‌ಎಸ್‌ಡಿಗೆ ಕೊಟ್ಟ ಹಣವೇ ಕೊಚ್ಚಿಹೋಗುತ್ತಿತ್ತು. ಎಇಎಸ್ ಬಲವಿಲ್ಲದ ಅಗ್ಗದ ಫೋನುಗಳಿಗೆಂದು ಗೂಗಲ್ ರೂಪಿಸಿದ ಅಡಿಯಾಂಟಮ್ ಎಂಬ ಕ್ರಮ 2019ರಿಂದ ಲಿನಕ್ಸ್ ಕರ್ನೆಲ್ಲಿನಲ್ಲೂ ಇದೆ. ಅದನ್ನು ಹಾಕಿದಾಗ ನಲವತ್ತನ್ನು ದಾಟಿತು. ನಾನು ವ್ಯವಸ್ಥೆಯ ಭಾಗವನ್ನು ತೆರೆದೇ ಬಿಟ್ಟು, ನನ್ನ ಕಡತಗಳಿರುವ ಭಾಗಕ್ಕೆ ಮಾತ್ರ ಅಡಿಯಾಂಟಮ್ ಹಾಕಿಕೊಂಡಿದ್ದೇನೆ. ಪಠ್ಯದ ಕೆಲಸದಲ್ಲಿ ವ್ಯತ್ಯಾಸ ತಿಳಿಯುವುದೇ ಇಲ್ಲ. ಸುರಕ್ಷತೆಯ ಮಾತು ಬಂದದ್ದರಿಂದ ಇನ್ನೊಂದನ್ನೂ ಸೇರಿಸುತ್ತೇನೆ: ಪ್ರೊಸೆಸರಿನೊಳಗಿನ ಗುಟ್ಟು ಸೋರಲು ಬಿಡುವ, 2018ರಲ್ಲಿ ಬಯಲಾದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ದೋಷಗಳು ದೊಡ್ಡ ದೊಡ್ಡ ಪ್ರೊಸೆಸರುಗಳನ್ನೆಲ್ಲ ಕಾಡಿದವು, ಆದರೆ ಮುಂದಿನದನ್ನು ಊಹಿಸಿ ನಡೆಸುವ ಕ್ರಮವೇ ಇಲ್ಲದ ಈ ಹಳೆಯ ಆಟಂಗಳಿಗೆ ಅವು ತಟ್ಟಲಿಲ್ಲ. ಎಲ್ಲರೂ ದೂರುವ ಅದೇ ಸರಳತನ ಇಲ್ಲಿ ರಕ್ಷಣೆಯಾಯಿತು.

ಗೆಳೆಯರೊಬ್ಬರ ಇಂಥದೇ ಯಂತ್ರವನ್ನು ಮನೆಯ ಕಡತ ಸರ್ವರ್ ಆಗಿ ನಿಲ್ಲಿಸಿದ್ದೇನೆ. ಪರದೆ ಮುಚ್ಚಿಟ್ಟರೆ ಹತ್ತು ವಾಟಿನ ಆಸುಪಾಸು, ಕರೆಂಟ್ ಹೋದರೆ ಬ್ಯಾಟರಿಯೇ ಯುಪಿಎಸ್. ನೆಟ್‌ವರ್ಕ್ ಪೋರ್ಟ್ 100 ಮೆಗಾಬಿಟ್ಟಿನದಾದ್ದರಿಂದ ಸೆಕೆಂಡಿಗೆ ಹನ್ನೊಂದು ಎಂಬಿ ದಾಟುವುದಿಲ್ಲ. ರಾತ್ರಿ ಹೊತ್ತು ನಕಲು ತೆಗೆದಿಡಲು ಅಷ್ಟು ಸಾಕು.

ವ್ಯವಸ್ಥೆಯ ಆಯ್ಕೆಯಲ್ಲಿ ಈಗ ಒಂದು ಗಡುವು ಎದುರಿಗಿದೆ, ಇದನ್ನು ತಿಳಿದೇ ಹಣ ಹಾಕಬೇಕು. ಎನ್270 ಬರಿಯ 32 ಬಿಟ್ಟಿನ ಪ್ರೊಸೆಸರ್, 64 ಬಿಟ್ಟಿನ ತಂತ್ರಾಂಶ ಅದರಲ್ಲಿ ನಡೆಯದು. ಡೆಬಿಯನ್ ಎಂಬ ಲಿನಕ್ಸಿನ 12ನೆಯ ಆವೃತ್ತಿಯವರೆಗೆ 32 ಬಿಟ್ಟಿನ ಅನುಸ್ಥಾಪಕ ಸಿಗುತ್ತಿತ್ತು. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಇಂಥ ಯಂತ್ರಗಳಿಗೆ ಅನುಸ್ಥಾಪಕವೂ ಇಲ್ಲ, ಕರ್ನೆಲ್ಲೂ ಇಲ್ಲ. ನಾನು ಡೆಬಿಯನ್ 12ನ್ನು ಆಧರಿಸಿದ ಆಂಟಿಎಕ್ಸ್ 23 ಎಂಬ ಲಿನಕ್ಸಿನಲ್ಲಿ ಇದ್ದೇನೆ. ಐಸ್‌ಡಬ್ಲ್ಯುಎಂ ಕಿಟಕಿ ನಿರ್ವಾಹಕದೊಂದಿಗೆ ಅದು ತೆರೆದುಕೊಂಡಾಗ ಇನ್ನೂರು ಎಂಬಿಯ ಆಸುಪಾಸು ರ‍್ಯಾಮ್ ಬಳಸುತ್ತದೆ. ಕನ್ನಡ ಟೈಪಿಸಲು ಐಬಸ್ ತಂತ್ರಾಂಶ ಮತ್ತು ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿವಿನ್ಯಾಸ ಸೇರಿದರೆ ಇನ್ನೊಂದಿಷ್ಟು, ಅಷ್ಟೆ.

ಒಟ್ಟು ಖರ್ಚನ್ನು ನೆನಪಿನಿಂದ ಹೇಳುವುದಾದರೆ, ಎಸ್‌ಎಸ್‌ಡಿ, ಕೋಶಗಳು, ಚಿಲ್ಲರೆ ಸಾಮಾನು ಎಲ್ಲ ಸೇರಿ ಹಳೆಯ ನೆಟ್‌ಬುಕ್ ಕೊಂಡಷ್ಟೇ ಹಣ ಮತ್ತೆ ಬಿದ್ದಿದೆ; ಸೋತ ಪ್ರಯತ್ನಗಳನ್ನು ಸೇರಿಸಿದರೆ ಅದರ ಒಂದೂವರೆಯಷ್ಟು. ಆದರೂ ಯಂತ್ರದ ಬೆಲೆ, ಈ ಖರ್ಚು ಎರಡೂ ಕೂಡಿ ಅತ್ಯಂತ ಅಗ್ಗದ ಹೊಸ ಲ್ಯಾಪ್‌ಟಾಪಿನ ನಾಲ್ಕನೆಯ ಒಂದಂಶದ ಹತ್ತಿರವಷ್ಟೇ ಬರುತ್ತದೆ. ಆ ಹೊಸ ಅಗ್ಗದ ಲ್ಯಾಪ್‌ಟಾಪುಗಳನ್ನೂ ಬಿಚ್ಚಿ ನೋಡಿದ್ದೇನೆ: ಅನೇಕವುಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿದೆ, ಸಂಗ್ರಹವೂ ಬೆಸೆದಿದೆ, ಬ್ಯಾಟರಿ ಅಂಟಿನಲ್ಲಿ ಕೂತಿದೆ. ನನ್ನ ಯಂತ್ರದಲ್ಲಿ ಪ್ರೊಸೆಸರ್ ಬಿಟ್ಟು ಉಳಿದೆಲ್ಲವನ್ನೂ ನಾನೇ ಬದಲಿಸಬಲ್ಲೆ, ಬ್ಯಾಟರಿಯಂತೂ ಒಂದು ಕೊಂಡಿ ಸರಿಸಿದರೆ ಕೈಗೆ ಬರುತ್ತದೆ. ಒಂದೂಕಾಲು ಕಿಲೋ ತೂಕ, ಚೀಲದಲ್ಲಿರುವುದೇ ತಿಳಿಯದಂಥ ಗಾತ್ರ, ಹತ್ತೂ ಬೆರಳಿಗೆ ಒಗ್ಗುವ ನಿಜವಾದ ಕೀಲಿಮಣೆ ಇವೆಲ್ಲ ಒಟ್ಟಿಗೆ ಸಿಗುವ ಇನ್ನೊಂದು ಯಂತ್ರವನ್ನು ಈ ವೆಚ್ಚದಲ್ಲಿ ನಾನು ಕಂಡಿಲ್ಲ.

ಈಗ ಹೊಸದಾಗಿ ಹುಡುಕುವವರು ಎನ್270ರ ಬದಲು 2010ರಲ್ಲಿ ಬಂದ ಎನ್450 ಅಥವಾ ಅದರ ಡಿಡಿಆರ್3 ತಮ್ಮನಾದ ಎನ್455 ಇರುವುದನ್ನು ನೋಡಲಿ. ವೇಗ ಹೆಚ್ಚೇನೂ ಇಲ್ಲ, ರ‍್ಯಾಮ್ ಮಿತಿಯೂ ಅದೇ ಎರಡು ಜಿಬಿ. ಆದರೆ 64 ಬಿಟ್ ಆದ್ದರಿಂದ ಮೇಲೆ ಹೇಳಿದ ಗಡುವು ಅವಕ್ಕಿಲ್ಲ, ಗ್ರಾಫಿಕ್ಸ್ ಮತ್ತು ಮೆಮೊರಿ ನಿಯಂತ್ರಕಗಳು ಪ್ರೊಸೆಸರಿನೊಳಗೇ ಸೇರಿರುವುದರಿಂದ ವಿದ್ಯುತ್ತೂ ಕಡಿಮೆ. ಹೆಸರಿನಲ್ಲಿ ಝೆಡ್ ಅಕ್ಷರವಿರುವ ಆಟಂ ಮತ್ತು ಜಿಎಂಎ 500 ಗ್ರಾಫಿಕ್ಸ್ ಇರುವವನ್ನು ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಅವುಗಳಿಗೆ ಲಿನಕ್ಸಿನಲ್ಲಿ ಸರಿಯಾದ ಚಾಲಕವಿಲ್ಲ. ಕೊಳ್ಳುವ ಮೊದಲು ಪರದೆಯನ್ನು ಪೂರ್ತಿ ಹಿಂದಕ್ಕೂ ಮುಂದಕ್ಕೂ ನಿಧಾನವಾಗಿ ಬಾಗಿಸಿ, ಬೆಳಕು ಎಲ್ಲಾದರೂ ಮಿನುಗುತ್ತದೆಯೇ ನೋಡಿ. ಮಿನುಗಿದರೆ ಕೀಲಿನೊಳಗಿನ ಕೇಬಲ್ ಸವೆದಿದೆ ಎಂದರ್ಥ, ಅದರ ದುರಸ್ತಿಗೆ ಬೇಕಾಗುವ ಸಮಯದಲ್ಲಿ ಇನ್ನೊಂದು ನೆಟ್‌ಬುಕ್ಕನ್ನೇ ಹುಡುಕಿ ತರಬಹುದು.